ಫ್ರೀಲ್ಯಾನ್ಸ್ ಖಾತೆಗೆ ನಿಮ್ಮದೇ ಮುಖ ಬೇಕಾ?

ಲೋಗೊ ಡಿಸೈನ್ ಬರುತ್ತೆ, ಅನುವಾದ ಬರುತ್ತೆ, ವಿಡಿಯೊ ಎಡಿಟಿಂಗ್ ಬರುತ್ತೆ. ಲ್ಯಾಪ್‌ಟಾಪ್ ಇದೆ, ಇಂಟರ್ನೆಟ್ ಇದೆ. ಇನ್ನೇನು, ಅಪ್‌ವರ್ಕ್‌ನಲ್ಲೋ ಫೈವರ್‌ನಲ್ಲೋ ಖಾತೆ ತೆರೆದರೆ ಆಯ್ತು ಅಂತ ಕೂತವರಲ್ಲಿ ಅನೇಕರು ಮೊದಲು ತಡವರಿಸುವುದು ಕೆಲಸದ ವಿಷಯದಲ್ಲಿ ಅಲ್ಲ, ಹೆಸರು ಮತ್ತು ಫೋಟೊ ಕೇಳುವ ಜಾಗದಲ್ಲಿ.

‘ನನ್ನ ಫೋಟೊನೇ ಹಾಕ್ಬೇಕಾ? ಹೂವಿನದ್ದೋ ಕಾರ್ಟೂನೋ ಹಾಕಿದ್ರೆ ನಡೆಯಲ್ವಾ?’, ‘ಆಫೀಸಲ್ಲಿ ಗೊತ್ತಾದ್ರೆ?’, ‘ಅಣ್ಣನ ಹೆಸರಲ್ಲಿ ಖಾತೆ ಇದೆ, ಅದ್ರಲ್ಲೇ ನಾನೂ ಕೆಲಸ ಮಾಡ್ಲಾ?’ ಇವೆಲ್ಲ ಸಣ್ಣ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ವರ್ಷಗಟ್ಟಲೆ ದುಡಿದು ಗಳಿಸಿದ ರೇಟಿಂಗು, ರಿವ್ಯೂಗಳ ಸಮೇತ ಖಾತೆಯೇ ಕೈತಪ್ಪಿ ಹೋಗುವುದು ಇಂಥ ಸಣ್ಣ ವಿಷಯಗಳಿಂದಲೇ. ಹಾಗಾಗಿ ನಿಯಮ ಏನು ಹೇಳುತ್ತೆ, ಯಾಕೆ ಹೇಳುತ್ತೆ, ಅದರೊಳಗೇ ನಮ್ಮ ಖಾಸಗಿತನ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ನಿಯಮ ಏನು?

ಈಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ತಾಣಗಳು ಒಂದಾಗಿ, 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಅಲ್ಲಿನ ನಿಯಮ ನೇರವಾಗಿದೆ. ಒಬ್ಬರಿಗೆ ಒಂದೇ ಖಾತೆ. ಹೆಸರು ಸರ್ಕಾರಿ ಗುರುತಿನ ಚೀಟಿಯಲ್ಲಿ ಇರುವಂಥದ್ದೇ ಆಗಿರಬೇಕು. ಫೋಟೊ ನಿಮ್ಮದೇ ಆಗಿರಬೇಕು, ಮುಖ ಸ್ಪಷ್ಟವಾಗಿ ಕಾಣಬೇಕು. ಲೋಗೊ, ಚಿತ್ರ, ಗೆಳೆಯರ ಜೊತೆಗಿನ ಗ್ರೂಪ್ ಫೋಟೊ, ತಿದ್ದಿ ತೀಡಿದ ಫೋಟೊ ನಡೆಯಲ್ಲ. ಈಗ ಹಲವರು ಎಐ ಆ್ಯಪ್‌ಗಳಿಂದ ಕೋಟು ತೊಡಿಸಿ, ಮೈಬಣ್ಣ ತಿಳಿಮಾಡಿ ಫೋಟೊ ಮಾಡಿಸಿಕೊಳ್ಳುತ್ತಾರಲ್ಲ, ಅದೂ ಇದೇ ಸಾಲಿಗೆ ಸೇರುತ್ತೆ. ಗುರುತಿನ ಚೀಟಿಯ ಜೊತೆ ಸೆಲ್ಫಿಯನ್ನೋ ವಿಡಿಯೊ ಕಾಲನ್ನೋ ಕೇಳಿದಾಗ ಆ ಮುಖಕ್ಕೂ ಈ ಮುಖಕ್ಕೂ ತಾಳೆಯಾಗದಿದ್ದರೆ ತೊಂದರೆ ನಿಮಗೇ.

2010ರಲ್ಲಿ ಶುರುವಾದ ಫೈವರ್‌ನಲ್ಲಿ ಖಾತೆಗೊಂದು ಯೂಸರ್‌ನೇಮ್ ಇರುತ್ತೆ. ಹಾಗಂತ ಅಲ್ಲಿ ಯಾರು ಯಾರಾದರೂ ಆಗಬಹುದು ಅಂತಲ್ಲ. ಬೇರೆಯವರ ಫೋಟೊ ಹಾಕುವಂತಿಲ್ಲ, ತಾಣ ಕೇಳಿದಾಗ ಗುರುತಿನ ಚೀಟಿ ತೋರಿಸಲೇಬೇಕು. ಒಮ್ಮೆ ಆರಿಸಿದ ಯೂಸರ್‌ನೇಮನ್ನು ಆಮೇಲೆ ಬದಲಾಯಿಸಲು ಆಗಲ್ಲ. ಕಾಲೇಜು ದಿನಗಳ ತಮಾಷೆ ಹೆಸರು ಇಡುವ ಮುಂಚೆ ಎರಡು ಸಲ ಯೋಚಿಸಿ.

ಕುವೆಂಪು ಖಾತೆ ತೆರೆದಿದ್ದರೆ?

ಬೇರೆ ಹೆಸರಲ್ಲಿ ಬರೆಯುವುದು ಕನ್ನಡಿಗರಿಗೆ ಹೊಸದಲ್ಲ. ಅನಸೂಯಾ ಶಂಕರ್ ಅವರನ್ನು ಓದುಗರು ಮನೆಮನೆಯಲ್ಲಿ ಓದಿದ್ದು ತ್ರಿವೇಣಿ ಅಂತ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ನಮಗೆ ಕುವೆಂಪು. ಆದರೆ ಫ್ರೀಲ್ಯಾನ್ಸ್ ತಾಣದ ಹೆಸರಿನ ಜಾಗದಲ್ಲಿ ಕಾವ್ಯನಾಮಕ್ಕೆ ಅವಕಾಶ ಇಲ್ಲ. ಬೇಕಿದ್ದರೆ ಪರಿಚಯದ ಸಾಲಿನಲ್ಲಿ, ಕೆಲಸದ ಮಾದರಿಗಳಲ್ಲಿ ಬಳಸಬಹುದು, ಅಷ್ಟೆ.

ನಮ್ಮವರ ದೊಡ್ಡ ತಾಪತ್ರಯ ಕಾವ್ಯನಾಮವಲ್ಲ, ಇನಿಷಿಯಲ್ಲು. ಊರಿನ ಹೆಸರು, ಅಪ್ಪನ ಹೆಸರು ಮೊದಲು, ನಮ್ಮ ಹೆಸರು ಕೊನೆಗೆ. ಈ ತಾಣಗಳಿಗೋ ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎರಡೇ ಗೊತ್ತು. ಅಪ್‌ವರ್ಕ್‌ನಲ್ಲಿ ಎಲ್ಲರಿಗೂ ಕಾಣುವುದು ಮೊದಲ ಹೆಸರು ಮತ್ತು ಕೊನೆಯ ಹೆಸರಿನ ಒಂದಕ್ಷರ. ಆ ಲೆಕ್ಕದಲ್ಲಿ ಕುವೆಂಪು ‘ಕುಪ್ಪಳಿ ಪಿ.’ ಆಗುತ್ತಿದ್ದರು, ಅಮೆರಿಕದ ಗಿರಾಕಿ ‘ಹಲೋ ಕುಪ್ಪಳಿ’ ಅಂತ ಮೆಸೇಜು ಮಾಡುತ್ತಿದ್ದ!

ನಗು ಬರುವುದು ಅಲ್ಲಿಯವರೆಗೆ ಮಾತ್ರ. ಪ್ಯಾನ್ ಕಾರ್ಡ್ ಅರ್ಜಿಯಲ್ಲಿ ಮೊದಲ ಮತ್ತು ಕೊನೆಯ ಹೆಸರಿಗೆ ಬರೀ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ‘ಮಂಜುನಾಥ ಕೆ’, ಪ್ಯಾನ್‌ನಲ್ಲಿ ‘ಮಂಜುನಾಥ ಕರಿಯಪ್ಪ’, ಬ್ಯಾಂಕ್ ಪಾಸ್‌ಬುಕ್ಕಲ್ಲಿ ‘ಕೆ. ಮಂಜುನಾಥ’. ಮೂವರೂ ಒಬ್ಬರೇ ಅಂತ ನಮ್ಮ ಬ್ಯಾಂಕ್ ಮ್ಯಾನೇಜರಿಗೆ ಗೊತ್ತು, ಪರದೇಶದ ಕಂಪ್ಯೂಟರಿಗೆ ಗೊತ್ತಿಲ್ಲ. ಕೆಲಸ ಮುಗಿದು ಹಣ ತೆಗೆಯುವ ಹೊತ್ತಿಗೆ ‘ಹೆಸರು ಹೊಂದುತ್ತಿಲ್ಲ’ ಎಂದರೆ ಎದೆ ಧಸಕ್ಕೆನ್ನುತ್ತೆ. ಮದುವೆಯ ನಂತರ ಕೆಲವು ದಾಖಲೆಗಳಲ್ಲಿ ಮಾತ್ರ ಹೆಸರು ಬದಲಾಯಿಸಿಕೊಂಡ ಹೆಣ್ಣುಮಕ್ಕಳ ಪಾಡೂ ಇದೇ. ಆದ್ದರಿಂದ ಖಾತೆ ತೆರೆಯುವ ಮುಂಚೆಯೇ ಯಾವ ಚೀಟಿ ಕೊಡುತ್ತೀರಿ ಎಂದು ತೀರ್ಮಾನಿಸಿ. ಅದರಲ್ಲಿರುವ ಹೆಸರು ಬ್ಯಾಂಕಿನಲ್ಲೂ ಪ್ಯಾನ್‌ನಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇರುವಂತೆ ನೋಡಿಕೊಳ್ಳಿ.

ಇಷ್ಟೊಂದು ಕಟ್ಟುನಿಟ್ಟು ಯಾಕೆ?

‘ಅಕೌಂಟ್ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡ್ತೀವಿ, ನೀವೇನೂ ಮಾಡೋದು ಬೇಡ’ ಎಂಬ ಮೆಸೇಜು ನಿಮಗೂ ಬರಬಹುದು. ಇದರ ಹಿಂದೆ ಏನಿರುತ್ತೆ ಎಂಬುದಕ್ಕೆ ಒಂದು ಮೊಕದ್ದಮೆ ನೋಡಿ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಉಕ್ರೇನಿನ ಒಬ್ಬ ವ್ಯಕ್ತಿಯ ಮೇಲಿನ ಆರೋಪಗಳನ್ನು ಬಹಿರಂಗಪಡಿಸಿತು. ಅವನು ಫ್ರೀಲ್ಯಾನ್ಸ್ ತಾಣಗಳ ಖಾತೆಗಳನ್ನು ಬೇರೆಯವರ ಹೆಸರಿನಲ್ಲಿ ತೆರೆದು ಮಾರುವ, ಬಾಡಿಗೆಗೆ ಕೊಡುವ ದಂಧೆ ನಡೆಸುತ್ತಿದ್ದ, ಹೀಗೆ ನಿರ್ವಹಿಸಿದ ಗುರುತುಗಳು 871ರಷ್ಟು, ಅವುಗಳಲ್ಲಿ ಕೆಲವು ಉತ್ತರ ಕೊರಿಯಾದ ಐಟಿ ಕೆಲಸಗಾರರ ಕೈಯಲ್ಲಿದ್ದವು ಎಂಬುದು ಆರೋಪ. ಆ ಕೆಲಸಗಾರರು ಎರವಲು ಗುರುತಿನಲ್ಲಿ ದುಡಿದ ಹಣ ಅಲ್ಲಿನ ಸರ್ಕಾರದ ಶಸ್ತ್ರಾಸ್ತ್ರಕ್ಕೆ ಹೋಗುತ್ತಿದೆ ಎಂದು ಅಮೆರಿಕ 2022ರಲ್ಲೇ ಕಂಪನಿಗಳನ್ನು ಎಚ್ಚರಿಸಿತ್ತು.

ಸುಲಭದ ಬಾಡಿಗೆ ಎಂದು ಒಪ್ಪಿಕೊಂಡರೆ ಆಗುವುದಿಷ್ಟು: ಹಣ ಬಂದು ಬೀಳುವುದು ನಿಮ್ಮ ಹೆಸರಿಗೆ, ತೆರಿಗೆಯ ಲೆಕ್ಕ ಕೇಳುವುದು ನಿಮ್ಮ ಪ್ಯಾನ್‌ಗೆ, ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ವಿಳಾಸಕ್ಕೆ. ಕೆಲಸ ಮಾಡಿದವನು ಯಾರು ಅಂತ ನಿಮಗೇ ಗೊತ್ತಿರುವುದಿಲ್ಲ.

ಮನೆಮಂದಿಯೇ ಸೇರಿ ಮಾಡುವ ಕೆಲಸ ಬೇರೆ. ಅಕ್ಕ ಡಿಸೈನ್ ಮಾಡ್ತಾಳೆ, ತಮ್ಮ ಕೋಡಿಂಗ್ ಮಾಡ್ತಾನೆ ಎಂದರೆ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ಅಪ್‌ವರ್ಕ್‌ನಲ್ಲಿ ಇದಕ್ಕೆಂದೇ ಏಜೆನ್ಸಿ ಖಾತೆ ಇದೆ. ಪ್ರತಿಯೊಬ್ಬರಿಗೂ ತಮ್ಮದೇ ಪ್ರೊಫೈಲ್ ಇರುತ್ತೆ, ಕೆಲಸ ಮಾತ್ರ ಒಂದೇ ಹೆಸರಿನಡಿ.

ನಿಯಮದ ಇನ್ನೊಂದು ಮುಖ

ಹಾಗಾದರೆ ನಿಯಮ ಪೂರ್ತಿ ನ್ಯಾಯವೇ? ಅಲ್ಲ. ಅಪ್‌ವರ್ಕ್‌ನಲ್ಲಿ ಕೆಲಸ ಹುಡುಕುವವರ ಮುಖ ಎದ್ದು ಕಾಣಬೇಕು, ಕೆಲಸ ಕೊಡುವವರ ಪ್ರಕಟಣೆಯಲ್ಲಿ ಹೆಸರೂ ಇರುವುದಿಲ್ಲ. ದೇಶ, ಇಲ್ಲಿಯವರೆಗೆ ಖರ್ಚು ಮಾಡಿದ ಮೊತ್ತ, ಪಾವತಿ ವಿಧಾನ ಪರಿಶೀಲಿಸಲಾಗಿದೆ ಎಂಬ ಗುರುತು, ಇಂಥ ವಿವರಗಳಷ್ಟೇ.

ಮುಖ ಕಂಡರೆ ಪೂರ್ವಗ್ರಹವೂ ಹಿಂದೆಯೇ ಬರುತ್ತೆ. ಟಾಸ್ಕ್‌ರ್‍ಯಾಬಿಟ್ ಮತ್ತು ಫೈವರ್ ತಾಣಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ, ಕೆಲಸಗಾರರಿಗೆ ಸಿಗುವ ರಿವ್ಯೂ, ರೇಟಿಂಗ್‌ಗಳಿಗೂ ನೋಡುಗರು ಊಹಿಸಿದ ಅವರ ಲಿಂಗ, ಜನಾಂಗಕ್ಕೂ ನಂಟಿರುವುದನ್ನು ತೋರಿಸಿತು. ಮನೆ ಬಾಡಿಗೆಯ ಏರ್‌ಬಿಎನ್‌ಬಿ ಇಂಥದೇ ದೂರುಗಳ ನಂತರ, 2018ರಲ್ಲಿ, ಬುಕಿಂಗ್ ಒಪ್ಪಿದ ಮೇಲಷ್ಟೇ ಅತಿಥಿಯ ಫೋಟೊ ತೋರಿಸುವುದಾಗಿ ಪ್ರಕಟಿಸಿತು. ತಾಣ ಗುರುತು ಪರಿಶೀಲಿಸಲಿ, ಸರಿಯೇ. ಆ ಮುಖ ಮೊದಲ ದಿನವೇ ಲೋಕಕ್ಕೆಲ್ಲ ಕಾಣಬೇಕೇ ಎಂಬುದು ಬೇರೆಯೇ ಪ್ರಶ್ನೆ. ಫ್ರೀಲ್ಯಾನ್ಸ್ ತಾಣಗಳೂ ಅದಕ್ಕೆ ಉತ್ತರ ಹೇಳಬೇಕು.

ಹೆಣ್ಣುಮಕ್ಕಳಿಗೆ ಇದು ಬರೀ ತತ್ವದ ಮಾತಲ್ಲ. ಕೆಲಸದ ನೆಪದಲ್ಲಿ ‘ವಾಟ್ಸ್ಆ್ಯಪ್‌ಗೆ ಬನ್ನಿ’ ಎನ್ನುವವರು, ಫೋಟೊ ಹೊಗಳುವುದರಿಂದ ಮಾತು ಶುರುಮಾಡುವವರು ಇದ್ದೇ ಇರುತ್ತಾರೆ. ಅದಕ್ಕೆ ಹೆದರಿ ನಕಲಿ ಫೋಟೊ ಹಾಕಿದರೆ ಖಾತೆ ಕಳೆದುಕೊಳ್ಳುವವರು ನೀವು, ಅವರಲ್ಲ. ನಿಯಮ ಮೀರದೆ ಮಾಡಬಹುದಾದ ಕೆಲಸಗಳಿವೆ.

ಇವಿಷ್ಟು ಗಮನದಲ್ಲಿರಲಿ

* ಕಿಟಕಿಯ ಬೆಳಕಿಗೆ ಎದುರಾಗಿ, ಬರಿಗೋಡೆಯ ಮುಂದೆ ನಿಂತು ಫೋನಿನಲ್ಲೇ ಫೋಟೊ ತೆಗೆಸಿಕೊಳ್ಳಿ. ಫಿಲ್ಟರ್ ಬೇಡ, ಕೂಲಿಂಗ್ ಗ್ಲಾಸ್ ಬೇಡ. ಮನೆ, ಬೀದಿಯ ಗುರುತು ಹಿನ್ನೆಲೆಯಲ್ಲಿ ಕಾಣದಿರಲಿ.
* ಫೇಸ್‌ಬುಕ್, ಇನ್‌ಸ್ಟಾದಲ್ಲಿರುವ ಫೋಟೊವನ್ನೇ ಇಲ್ಲಿ ಹಾಕಬೇಡಿ. ಒಂದೇ ಫೋಟೊ ಹಿಡಿದು ನಿಮ್ಮ ಉಳಿದ ಖಾತೆಗಳನ್ನು ಹುಡುಕುವುದು ಸುಲಭ.
* ಅಪ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಫೈಲ್ ಯಾರಿಗೆ ಕಾಣಬೇಕು ಎಂದು ಆರಿಸಬಹುದು. ‘ಅಪ್‌ವರ್ಕ್ ಬಳಕೆದಾರರಿಗೆ ಮಾತ್ರ’ ಎಂದಿಟ್ಟರೆ ತಾಣದ ಹೊರಗಿನವರಿಗೆ ತೆರೆದಿರುವುದಿಲ್ಲ.
* ಗುರುತಿನ ಚೀಟಿಯನ್ನು ತಾಣದ ಪರಿಶೀಲನಾ ಪುಟದಲ್ಲಿ ಮಾತ್ರ ಅಪ್‌ಲೋಡ್ ಮಾಡಿ. ಚಾಟ್‌ನಲ್ಲಿ ಆಧಾರ್, ಪ್ಯಾನ್ ಪ್ರತಿ ಕೇಳುವ ‘ಕ್ಲೈಂಟ್’ಗೆ ಕೊಡಬೇಡಿ.
* ಕಾಂಟ್ರ್ಯಾಕ್ಟ್ ಆಗುವ ಮುಂಚೆ ತಾಣದ ಹೊರಗೆ ಮಾತು ಬೇಡ. ಅಪ್‌ವರ್ಕ್‌ನಲ್ಲಿ ಅದು ನಿಯಮವೂ ಹೌದು. ಅಸಭ್ಯ ಮಾತು ಬಂದರೆ ಸ್ಕ್ರೀನ್‌ಶಾಟ್ ತೆಗೆದು ತಾಣಕ್ಕೆ ದೂರು ಕೊಡಿ.
* ಖಾಯಂ ಕೆಲಸದಲ್ಲಿರುವವರು ಮೊದಲು ತಮ್ಮ ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸಕ್ಕೆ ಅನುಮತಿ ಬೇಕು ಎಂದಿದ್ದರೆ ಕೇಳಿಯೇ ಮುಂದುವರಿಯಿರಿ. ಮುಖ ಮರೆಸಿ ಮಾಡಿದ ಕೆಲಸಕ್ಕೂ ಬ್ಯಾಂಕಿನಲ್ಲಿ ಲೆಕ್ಕ ಉಳಿದಿರುತ್ತೆ.