ಎಣ್ಣೆ ಡಬ್ಬಿಯ ನೀರು, ಹಳೆ ಸೀರೆಯ ಹಗ್ಗ

ನನ್ನ ತಮ್ಮ ಗದಗ-ಬೆಟಗೇರಿಯಲ್ಲಿ ಸಂಸಾರ ಹೂಡಿ ಆರು ವರ್ಷವಾಯಿತು. ಹೋದ ಬೇಸಗೆಯಲ್ಲಿ ಉಮ್ಮನನ್ನು ಕರೆದುಕೊಂಡು ಹೋದಾಗ ಉಮ್ಮ ಮೊದಲು ನೋಡಿದ್ದು ಅವನ ಮನೆಯನ್ನಲ್ಲ, ಪಕ್ಕದ ಮನೆಯ ಹಿತ್ತಿಲನ್ನು. ಅಲ್ಲಿ ಎಂಟು ಹತ್ತು ಊರ ಕೋಳಿ, ಮೂರು ಆಡು. ಅವುಗಳಿಗೆಂದು ಪೇಟೆಯಿಂದ ತಂದ ಸಾಮಾನು ಒಂದೂ ಇರಲಿಲ್ಲ.

ಉಮ್ಮನ ಕುತೂಹಲಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ನಮ್ಮ ಮನೆಯ ಹನ್ನೊಂದು ಕೋಳಿಮರಿಗಳಲ್ಲಿ ನಾಲ್ಕು, ನೀರಿನ ಪಾತ್ರೆಗೆ ಬಿದ್ದು ಸತ್ತಿದ್ದವು. ಅಗಲ ಬಾಯಿಯ ಪಾತ್ರೆ ಇಟ್ಟವಳು ನಾನೇ. ಉಮ್ಮ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಪಕ್ಕದ ಮನೆಯ ಚಾಚಿ ನೀರಿಗೆ ಇಟ್ಟಿದ್ದು ಒಂದು ಅಡುಗೆ ಎಣ್ಣೆಯ ಡಬ್ಬಿ, ಒಂದು ತಟ್ಟೆ. ಡಬ್ಬಿಯ ಬಾಯಿಯ ಅಂಚಿನಿಂದ ಅರ್ಧ ಇಂಚು ಮೇಲೆ ಮೊಳೆಯಿಂದ ಒಂದು ತೂತು. ನೀರು ತುಂಬಿ, ತಟ್ಟೆ ಮುಚ್ಚಿ, ಎರಡನ್ನೂ ಹಿಡಿದು ಬೋರಲು ಹಾಕುವುದು. ತಟ್ಟೆಯಲ್ಲಿ ನೀರು ತೂತಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಕೋಳಿ ಕುಡಿದಷ್ಟೇ ಮತ್ತೆ ಇಳಿಯುತ್ತದೆ. ತೂತು ತಟ್ಟೆಯ ಅಂಚಿಗಿಂತ ಕೆಳಗಿರಬೇಕು. ಮೇಲಾದರೆ ಡಬ್ಬಿ ಖಾಲಿಯಾಗುವವರೆಗೂ ನೀರು ಅಂಗಳಕ್ಕೆ. (ನಾನು ಮೊದಲ ಸಲ ಮಾಡಿದ್ದು ಹಾಗೆಯೇ ಆಯಿತು.) ಮರಿಗಳಿರುವಾಗ ತಟ್ಟೆಯಲ್ಲಿ ಸುತ್ತ ಸಣ್ಣ ಕಲ್ಲು ಹಾಕಿದರೆ ಅವು ಮುಳುಗುವುದಿಲ್ಲ.

ಕಾಳಿನ ಡಬ್ಬಿಯನ್ನು ಚಾಚಿ ತಂತಿಯಲ್ಲಿ ತೂಗುಹಾಕಿದ್ದರು, ಕೋಳಿಯ ಬೆನ್ನಿನ ಎತ್ತರಕ್ಕೆ. ನೆಲದಲ್ಲಿಟ್ಟರೆ ಕೆದರಿ ಅರ್ಧ ಕಾಳು ಮಣ್ಣುಪಾಲು, ಮೇಲೆ ಹಿಕ್ಕೆ ಬೇರೆ.

ಆಡಿಗೂ ಅದೇ ಲೆಕ್ಕ. ಶೇಂಗಾ ಬಳ್ಳಿಯನ್ನು ಗೋಡೆಗೆ ಹೊಡೆದ ಹಲಗೆಪಟ್ಟಿಗಳ ನಡುವೆ ಸಿಕ್ಕಿಸಿದ್ದರು. “ಆಡು ತುಳದದ್ದು ತಿನ್ನಂಗಿಲ್ರಿ ಆಪಾ, ಮ್ಯಾಲ ಕಟ್ಟಬೇಕ್ರಿ” ಅಂದರು ಉಮ್ಮನಿಗೆ. ಕೊರಳಿಗೆ ನೈಲಾನ್ ಹಗ್ಗವಿಲ್ಲ, ಹಳೆ ಸೀರೆ ಹರಿದು ಹೊಸೆದದ್ದು. ನೈಲಾನ್ ತೊಗಲು ಕೊರೆಯುತ್ತದೆ, ಗಾಯಕ್ಕೆ ನೊಣ ಕೂತರೆ ಹುಳ ಬೀಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ಚಾಚಿ ಬಹಳ ಕಟ್ಟುನಿಟ್ಟು. ಆ ಕಡೆ ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುತ್ತಾರೆ, ಹೊಲಕ್ಕೆ ಹೊಡೆಯುವ ಔಷಧದ ಖಾಲಿ ಕ್ಯಾನುಗಳು ಬೇಕಾದಷ್ಟು ಸಿಗುತ್ತವೆ. ನೋಡಲು ಚಂದ, ಗಟ್ಟಿ. “ಎಷ್ಟ ತೊಳದ್ರೂ ವಿಷ ಹೋಗಂಗಿಲ್ಲ” ಎಂದು ಅದನ್ನು ಹಿತ್ತಲಿಗೇ ತರಗೊಡುವುದಿಲ್ಲ. ನಮ್ಮ ಕಡೆ ಅಡಿಕೆ ತೋಟದ ಔಷಧದ ಕ್ಯಾನು, ಪೇಂಟ್ ಡಬ್ಬಿಯಲ್ಲಿ ನೀರಿಡುವವರು ಇದನ್ನು ಗಮನಿಸಬೇಕು. ಆ ಕೋಳಿಯ ಮೊಟ್ಟೆ ತಿನ್ನುವವರು ನಮ್ಮ ಮಕ್ಕಳೇ ತಾನೆ?

ಲಕ್ಷ್ಮೇಶ್ವರ, ಶಿರಹಟ್ಟಿಗೂ ಒಂದು ದಿನ ಹೋಗಿ ಬಂದೆವು. ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಕಪ್ಪತಗುಡ್ಡವಿದೆ, 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ತೋಳಗಳಿವೆ. ಹಾಗಾಗಿ ಆಡಿನ ದೊಡ್ಡಿಗೆ ಬಳ್ಳಾರಿ ಜಾಲಿಯ ಮುಳ್ಳುಬೇಲಿಯೇ ಕಾವಲು. ಕಾಸಿಲ್ಲ, ಕೈಗೆ ನಾಲ್ಕು ಗೀರು ಅಷ್ಟೆ.

ಆದರೆ ಎಲ್ಲವನ್ನೂ ನಾವು ನಕಲು ಮಾಡುವಂತಿಲ್ಲ. ಗದಗದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಮಣ್ಣಿನ ನೆಲದಲ್ಲೇ ಆಡು ಮಲಗುತ್ತದೆ. ನಮ್ಮಲ್ಲಿ 3500 ಮಿ.ಮೀ. ದಾಟುತ್ತದೆ, ಹಸಿ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಇಲ್ಲಿ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಸೀಳಿದ ಅಡಿಕೆ ಮರದ ಅಟ್ಟವೇ ಆಗಬೇಕು. ಸಂದಿ ಹಿಕ್ಕೆ ಬೀಳುವಷ್ಟು ಮಾತ್ರ ಇರಲಿ, ಮರಿಯ ಕಾಲು ಸಿಕ್ಕಿಕೊಳ್ಳಬಾರದು. ಇನ್ನು ಕೋಳಿಗೆ ರಾಣಿಖೇತ್, ಆಡಿಗೆ ಪಿಪಿಆರ್ ಲಸಿಕೆಯನ್ನು ಮನೆಯಲ್ಲಿ ಮಾಡಲಾಗದು, ಪಶು ಆಸ್ಪತ್ರೆಗೆ ಹೋಗಲೇಬೇಕು.

ಹೊರಡುವಾಗ ಚಾಚಿ ಕೊಟ್ಟದ್ದು ಒಂದು ಖಾಲಿ ಎಣ್ಣೆ ಡಬ್ಬಿ, ತೂತು ಮಾಡಿದ್ದು. ಇಂಥದ್ದು ನಮ್ಮೂರಲ್ಲಿ ಸಿಗುವುದಿಲ್ಲವೇ ಎಂದು ತಮ್ಮ ನಕ್ಕ. ಉಮ್ಮ ಅದನ್ನು ಬಸ್ಸಿನಲ್ಲಿ ಮಂಗಳೂರಿನವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದರು. ಈ ಸಲ ಒಂಬತ್ತು ಮರಿ ಒಡೆದಿವೆ, ಒಂಬತ್ತೂ ಓಡಾಡುತ್ತಿವೆ.