ಒಬ್ಬರಿಗೆ ಒಂದೇ ಸಾಲು, ಅದೂ ಇತ್ತೀಚಿನದು

ಕ್ಯಾಂಪಿನ ಗೆಳೆಯರೆಲ್ಲ ಸೇರಿ ಇಟ್ಟುಕೊಳ್ಳುವ ಎಕ್ಸೆಲ್ ಪಟ್ಟಿ ನಮಗೆ ಹೊಸದಲ್ಲ. ಹೆಸರು, ರೂಮ್ ನಂಬರ್, ಇಲ್ಲಿನ ಮೊಬೈಲ್, ಊರಿನ ಮನೆಯವರ ನಂಬರ್, ಎಮಿರೇಟ್ಸ್ ಐಡಿ. ಯಾರಾದರೂ ಸಿಮ್ ಅಥವಾ ರೂಮ್ ಬದಲಾಯಿಸಿದರೆ ಕೆಳಗೆ ಹೊಸ ಸಾಲು ಸೇರುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಅರವತ್ತು ಜನರ ಪಟ್ಟಿ ನೋಡನೋಡುತ್ತಲೇ ಇನ್ನೂರು ಸಾಲು ದಾಟುತ್ತದೆ. ರಾತ್ರಿ ಎರಡು ಗಂಟೆಗೆ ಒಬ್ಬರನ್ನು ಆಸ್ಪತ್ರೆಗೆ ಸೇರಿಸಿ, ಊರಿಗೆ ಫೋನ್ ಮಾಡಬೇಕು ಅನ್ನುವಾಗ ಅವರ ಹೆಸರಿನ ಮುಂದೆ ನಾಲ್ಕು ನಂಬರ್ ಕಂಡರೆ ಯಾವುದಕ್ಕೆ ಮಾಡೋಣ?

ಪ್ರತಿಯೊಬ್ಬರದೂ ಕೊನೆಯ ಸಾಲು ಮಾತ್ರ ಕಾಣುವಂತೆ ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಬಟನ್ ಒತ್ತುವ ಮೊದಲು ಎರಡು ವಿಷಯ ತೀರ್ಮಾನ ಆಗಬೇಕು.

ಯಾರು ಯಾರು?

ಹೆಸರು ನಂಬಬೇಡಿ. ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್ ಅಂತಿದ್ದರೆ ಎಕ್ಸೆಲ್‌ಗೆ ಅವರು ಇಬ್ಬರು. ಪಾಸ್‌ಪೋರ್ಟ್ ನಂಬರೂ ಬೇಡ, ಹೊಸ ಪಾಸ್‌ಪೋರ್ಟ್ ಬಂದಾಗ ಅದು ಬದಲಾಗುತ್ತದೆ. 784ರಿಂದ ಶುರುವಾಗುವ 15 ಅಂಕಿಗಳ ಎಮಿರೇಟ್ಸ್ ಐಡಿ ನಂಬರ್ ಕಾರ್ಡ್ ರಿನ್ಯೂ ಆದರೂ ಅದೇ ಇರುತ್ತದೆ, ಅದನ್ನೇ ಹಿಡಿಯಿರಿ. ಕೆಲವು ಕಡೆ ನಡುವೆ ಗೆರೆ ಹಾಕಿ, ಕೆಲವು ಕಡೆ ಹಾಕದೆ ಬರೆದಿದ್ದರೆ ಎಲ್ಲವನ್ನೂ ಮೊದಲು ಒಂದೇ ರೀತಿ ಮಾಡಿಕೊಳ್ಳಿ.

ಯಾವ ತಾರೀಕು?

ವೀಸಾ ಮುಗಿಯುವ ತಾರೀಕನ್ನು ನೋಡಿ ‘ಇತ್ತೀಚಿನದು’ ಅನ್ನಬಾರದು. ಕಂಪನಿ ಬದಲಾಯಿಸಿದವರ ರದ್ದಾದ ವೀಸಾದ ತಾರೀಕು ಹೊಸದಕ್ಕಿಂತ ಮುಂದಿರಬಹುದು. ಮಾಹಿತಿ ಬರೆದುಕೊಂಡ ದಿನಕ್ಕೇ ಒಂದು ಕಾಲಂ ಇರಲಿ.

ಆ ತಾರೀಕುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿ. ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದ್ದರೆ 05/03/2024 ಎಂಬುದು ಮಾರ್ಚ್ 5 ಅಲ್ಲ, ಮೇ 3 ಆಗುತ್ತದೆ. 25/03/2024 ಅಂತ ಬರೆದರೆ 25ನೇ ತಿಂಗಳು ಇಲ್ಲವಲ್ಲ, ಅದು ಬರೀ ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಹೊಸದರಿಂದ ಹಳೆಯದಕ್ಕೆ ಜೋಡಿಸುವಾಗ ಎಕ್ಸೆಲ್ ಅಕ್ಷರಗಳನ್ನು ತಾರೀಕುಗಳಿಗಿಂತ ಮೇಲಿಡುತ್ತದೆ. ಹಾಗಾಗಿ ಎಷ್ಟೋ ಹಳೆಯ ಸಾಲು ಎಲ್ಲಕ್ಕಿಂತ ಹೊಸದರ ಜಾಗದಲ್ಲಿ ಕೂತುಬಿಡುತ್ತದೆ. ತಿಂಗಳನ್ನು ಅಂಕಿಯ ಬದಲು ಇಂಗ್ಲಿಷ್ ಹೆಸರಿನಲ್ಲಿ ಬರೆದರೆ ಈ ತೊಂದರೆ ಇಲ್ಲ.

ಇನ್ನು ಕೆಲಸ

1. ಶೀಟಿನ ಒಂದು ಕಾಪಿ ಮಾಡಿ. ಮೂಲದ್ದನ್ನು ಮುಟ್ಟಬೇಡಿ.

2. ಕಾಪಿಯಲ್ಲಿ ಇಡೀ ಪಟ್ಟಿಯನ್ನು ಸೆಲೆಕ್ಟ್ ಮಾಡಿ, ‘ಡೇಟಾ’ ಮೆನುವಿನ ‘ಸಾರ್ಟ್’ನಲ್ಲಿ ತಾರೀಕಿನ ಕಾಲಂ ಆರಿಸಿ ‘ನ್ಯೂಯೆಸ್ಟ್ ಟು ಓಲ್ಡೆಸ್ಟ್’ ಕೊಡಿ. ಒಂದೇ ಕಾಲಂ ಜೋಡಿಸಿದರೆ ಒಬ್ಬರ ತಾರೀಕು ಇನ್ನೊಬ್ಬರ ಹೆಸರಿನ ಮುಂದೆ ಹೋಗುತ್ತದೆ, ಹುಷಾರು.

3. ಅದೇ ಮೆನುವಿನಲ್ಲಿ ‘ರಿಮೂವ್ ಡೂಪ್ಲಿಕೇಟ್ಸ್’ ಒತ್ತಿ. ಎಲ್ಲ ಟಿಕ್ ತೆಗೆದು ಐಡಿ ಕಾಲಂಗೆ ಮಾತ್ರ ಟಿಕ್ ಹಾಕಿ. ಎಕ್ಸೆಲ್ ಪ್ರತಿ ಐಡಿಯ ಮೊದಲ ಸಾಲು ಉಳಿಸಿ ಮಿಕ್ಕದ್ದನ್ನು ಅಳಿಸುತ್ತದೆ. ಈಗ ಮೊದಲ ಸಾಲೇ ಇತ್ತೀಚಿನದಲ್ಲವೇ, ಅಷ್ಟೇ!

ಏನನ್ನೂ ಅಳಿಸದೆ ಮಾಡಬೇಕೆಂದರೆ ಎಕ್ಸೆಲ್ 2019 ಮತ್ತು ಅದರ ನಂತರದವುಗಳಲ್ಲಿ ಮ್ಯಾಕ್ಸ್‌ಇಫ್ಸ್ ಸೂತ್ರವಿದೆ. ಪ್ರತಿ ಸಾಲಿನ ಪಕ್ಕದಲ್ಲಿ ಆ ಐಡಿಯ ಕೊನೆಯ ತಾರೀಕನ್ನು ಅದು ತೋರಿಸುತ್ತದೆ. ಸಾಲಿನ ತಾರೀಕೂ ಅದೇ ಆಗಿರುವವನ್ನು ಮಾತ್ರ ಫಿಲ್ಟರ್ ಮಾಡಿದರೆ ಸಾಕು. ಒಂದೇ ದಿನ ಎರಡು ಸಾಲು ಬರೆದಿದ್ದರೆ ಮಾತ್ರ ಎರಡೂ ಉಳಿಯುತ್ತವೆ.

ಹಳೆಯದನ್ನು ಯಾಕೆ ಇಟ್ಟುಕೊಳ್ಳಬೇಕು?

ಸಂಬಳದ ಲೆಕ್ಕ ಬರೆದಿಡುವವರಿಗೆ ಇದು ಮುಖ್ಯ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಗ್ರಾಚುಟಿಗೆ ಕೊನೆಯ ಬೇಸಿಕ್ ಸಂಬಳವೇ ಆಧಾರ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ನಂತರದ ಪ್ರತಿ ವರ್ಷಕ್ಕೆ 30 ದಿನ. 1,200 ದಿರ್ಹಮ್ ಬೇಸಿಕ್‌ನಲ್ಲಿ ಸೇರಿ 1,800 ತಲುಪಿದವರು ಆರು ವರ್ಷ ದುಡಿದರೆ 135 ದಿನದ ಲೆಕ್ಕ. ತಿಂಗಳಿಗೆ 30 ದಿನ ಹಿಡಿದರೆ 8,100 ದಿರ್ಹಮ್. ಹಳೆಯ ಸಾಲು ನೋಡಿ ಲೆಕ್ಕ ಹಾಕಿದರೆ ಬರೀ 5,400. ಸಂಬಳಕ್ಕೆ ಕೊನೆಯ ಸಾಲು ಬೇಕು, ಆದರೆ ಆರು ವರ್ಷ ಆಯಿತು ಅಂತ ಹೇಳುವುದು ಮೊದಲ ಸಾಲು. ಅದನ್ನೇ ಅಳಿಸಿದರೆ ಸರ್ವಿಸ್ ಎಣಿಸುವುದು ಎಲ್ಲಿಂದ?

ಹಾಗಾಗಿ ಮೂಲ ಪಟ್ಟಿ ಬೆಳೆಯುತ್ತಲೇ ಇರಲಿ, ಕೈಯಲ್ಲಿ ಹಿಡಿಯುವ ಪಟ್ಟಿ ಚಿಕ್ಕದಿರಲಿ. ಈ ತಿಂಗಳ ಯಾವುದಾದರೂ ರಜೆಯ ದಿನ ಪಟ್ಟಿ ಇಟ್ಟುಕೊಂಡವರು ಪ್ರತಿಯೊಬ್ಬರಿಗೂ ಅವರವರ ಸಾಲು ಮಾತ್ರ ತೋರಿಸಿ, ಊರಿನ ನಂಬರ್ ಈಗಲೂ ಅದೇನಾ ಅಂತ ಒಮ್ಮೆ ಕೇಳಿ. ಬದಲಾಗಿದ್ದರೆ ಹಳೆಯದನ್ನು ತಿದ್ದಬೇಡಿ, ಇವತ್ತಿನ ತಾರೀಕು ಹಾಕಿ ಕೆಳಗೆ ಹೊಸ ಸಾಲು ಸೇರಿಸಿ.