ಪಂಕ್ತಿಯ ಕೊನೆಯ ಎಲೆ

ಅಕ್ಕನ ಮಗನ ಉಪನಯನಕ್ಕೆ ವೈಶಾಖದಲ್ಲಿ ಮುಹೂರ್ತ ಗೊತ್ತಾಯಿತೆಂದು ಸಾಗರದ ಸಮೀಪದ ನಮ್ಮ ಊರಿನಿಂದ ಅಮ್ಮ ಫೋನಿನಲ್ಲಿ ತಿಳಿಸಿ, "ಎರಡು ದಿನ ಮುಂಚೆನೇ ಬಾ ಮಾರಾಯ, ಸೋದರಮಾವ ಇಲ್ಲದೆ ಆಗ್ತದಾ?" ಎಂದು ಕೇಳಿದಾಗ, ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದ ನನ್ನ ಮನಸ್ಸು ಊರಿನ ಅಂಗಳವನ್ನೂ ಅಡಕೆದಬ್ಬೆಯ ಚಪ್ಪರವನ್ನೂ ನೆನೆಯುವುದಕ್ಕೆ ಮೊದಲು, ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ನಿಂತಲ್ಲಿ ಶೌಚಾಲಯವಿದೆಯೆ ಎಂಬುದನ್ನೇ ಲೆಕ್ಕ ಹಾಕತೊಡಗಿತು. ಆರು ವರ್ಷಗಳಿಂದ ದೊಡ್ಡ ಕರುಳಿನ ಉರಿಯೂತದೊಡನೆ ಬಾಳುತ್ತಿರುವ ನಾನು ಹಿಂದಿನ ಎರಡು ಸಮಾರಂಭಗಳನ್ನು ರಜೆ ಸಿಗಲಿಲ್ಲವೆಂಬ ನೆಪದಿಂದ ತಪ್ಪಿಸಿಕೊಂಡಿದ್ದೆ. ಆ ಎರಡು ಸಲವೂ ಕರುಳು ಶಾಂತವಾಗಿಯೇ ಇತ್ತು. ಹೋಗದಂತೆ ನನ್ನನ್ನು ತಡೆದದ್ದು ನಾಚಿಕೆ. ನನ್ನಂಥವರು ಅನೇಕ ಮನೆಗಳಲ್ಲಿದ್ದಾರೆ. ಅವರಿಗಾಗಿಯೂ, ಅವರ ದಾರಿ ಕಾಯುವ ಬಂಧುಗಳಿಗಾಗಿಯೂ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಜೀರ್ಣಾಂಗಗಳ ದೀರ್ಘಕಾಲದ ತೊಂದರೆಗಳೆಲ್ಲವನ್ನೂ 'ಹೊಟ್ಟೆ ಸರಿಯಿಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನಮ್ಮ ರೂಢಿ. ಆದರೆ ಪ್ರಯಾಣದ ತೀರ್ಮಾನಕ್ಕೆ ಅವುಗಳ ಭೇದವನ್ನು ಅರಿಯುವುದು ಅವಶ್ಯಕ. ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬುದರಲ್ಲಿ ಕರುಳಿನ ಚಲನೆಯೂ ಸಂವೇದನೆಯೂ ಹದ ತಪ್ಪಿರುತ್ತವೆ. ಯಾತನೆ ನಿಜವಾದದ್ದೇ, ಆದರೆ ಅದರಿಂದ ಕರುಳಿಗೆ ಗಾಯವಾಗುವುದಿಲ್ಲ. ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ ಉರಿಯೂತದ ರೋಗಗಳಾದರೋ ಬೇರೆ ಜಾತಿಯವು. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಇಬ್ಬರು ಸಹೋದ್ಯೋಗಿಗಳೊಡನೆ ವಿವರಿಸಿದ ಮೊದಲನೆಯದು ಅನ್ನಮಾರ್ಗದ ಯಾವ ಭಾಗವನ್ನಾದರೂ ಆಶ್ರಯಿಸಬಲ್ಲುದು. ಎರಡನೆಯದು ಗುದನಾಳದಲ್ಲಿ ಆರಂಭವಾಗಿ ದೊಡ್ಡ ಕರುಳಿನ ಒಳಪೊರೆಯಲ್ಲಿ ಮೇಲಕ್ಕೆ ಹಬ್ಬುತ್ತದೆ. ಎರಡೂ ಕೆಲಕಾಲ ಅಡಗಿದ್ದು ಕೆಲಕಾಲ ಕೆರಳುವ ಸ್ವಭಾವದವು. ಆದುದರಿಂದ, ರೋಗವುಳ್ಳವನು ಊರಿಗೆ ಹೋಗಬಹುದೆ ಎಂದು ಕೇಳುವುದಕ್ಕಿಂತ, ರೋಗ ಈಗ ಅಡಗಿದೆಯೋ ಕೆರಳಿದೆಯೋ ಎಂದು ಕೇಳುವುದೇ ಯುಕ್ತ.

ಕೆರಳಿದ್ದರೆ ಹೋಗಕೂಡದು, ಈ ಮಾತಿನಲ್ಲಿ ದಾಕ್ಷಿಣ್ಯ ಸಲ್ಲದು. ಕೊಲೈಟಿಸ್ ಎಷ್ಟು ತೀವ್ರವಾಗಿದೆಯೆಂದು ತಿಳಿಯಲು ಆಕ್ಸ್‌ಫರ್ಡಿನ ವೈದ್ಯರಾದ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಹಾಕಿಕೊಟ್ಟ ಅಳತೆಗೋಲನ್ನು ಇಂದಿಗೂ ಬಳಸುತ್ತಾರೆ: ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿಯಾಗಿ, ಅದರೊಡನೆ ಜ್ವರವೋ, ನಿಮಿಷಕ್ಕೆ 90ನ್ನು ಮೀರಿದ ನಾಡಿಬಡಿತವೋ, ರಕ್ತಹೀನತೆಯೋ ಇದ್ದರೆ ಅದು ಆಸ್ಪತ್ರೆಗೆ ಸೇರಬೇಕಾದ ಸ್ಥಿತಿ. ಅಂಥ ವೇಳೆಯಲ್ಲಿ ಭೇದಿ ಕಟ್ಟುವ ಮಾತ್ರೆಯನ್ನು ನುಂಗಿ ಬಸ್ಸು ಹತ್ತುವುದು ಅಪಾಯಕರ. ಉರಿಯೂತ ಉಲ್ಬಣಿಸಿದಾಗ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚುವುದರಿಂದ, ಗಂಟೆಗಟ್ಟಲೆ ಕದಲದೆ ಕುಳಿತಿರುವ ಪ್ರಯಾಣ ಆ ಸಂಭವವನ್ನು ಇನ್ನಷ್ಟು ಬೆಳೆಸುತ್ತದೆ. ತಾಯಿಯ ಮುಖ ನೋಡಬೇಕೆಂಬ ಹಂಬಲ ಎಷ್ಟೇ ಪ್ರಬಲವಾಗಿದ್ದರೂ, ಮಗನನ್ನು ಸ್ಟ್ರೆಚರಿನ ಮೇಲೆ ಕಾಣಲು ಯಾವ ತಾಯಿಯೂ ಹಂಬಲಿಸಳು.

ಅಡಗಿದ್ದರೆ ಹೋಗಬಹುದು, ಆದರೆ ಭಯ ಅಷ್ಟಕ್ಕೇ ತೊಲಗುವುದಿಲ್ಲ. ನಮ್ಮ ಅನ್ನಮಾರ್ಗದ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕ ನರಕೋಶಗಳು ಬೀಡುಬಿಟ್ಟು, ಮಿದುಳಿನೊಡನೆ ಎಡೆಬಿಡದೆ ವಾರ್ತೆಯನ್ನು ವಿನಿಮಯ ಮಾಡಿಕೊಳ್ಳುತ್ತಿರುತ್ತವೆ. ಆದುದರಿಂದಲೇ ದಾರಿಯ ಮೇಲಣ ಭಯವೇ ದಾರಿಯ ಮೇಲಣ ಅವಸರವನ್ನು ತಂದೊಡ್ಡುತ್ತದೆ. ವಾತ್ಸಲ್ಯಕ್ಕೆ ಕರುಳೆಂದೂ, ಒಡಹುಟ್ಟಿದವರಿಗೆ ಕರುಳಬಳ್ಳಿಯೆಂದೂ ಹೆಸರಿಟ್ಟ ಕನ್ನಡದವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಯವನ್ನು ಶಮನಗೊಳಿಸುವ ದಾರಿಯೆಂದರೆ ಸಿದ್ಧತೆ.

ನಾನು ಬಸ್ಸನ್ನು ಬಿಟ್ಟು, ಮೈಸೂರಿನಿಂದ ಹೊರಟು ಬೆಂಗಳೂರನ್ನು ಹಾದು ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲನ್ನು ಆರಿಸಿಕೊಂಡೆ. ಅದರಲ್ಲಿ ಶೌಚಾಲಯ ಹತ್ತು ಹೆಜ್ಜೆಯ ದೂರದಲ್ಲಿರುತ್ತದೆಯೆಂಬುದೇ ಕಾರಣ. ಆ ಅನುಕೂಲ ಎಲ್ಲರಿಗೂ ಇಲ್ಲದಿದ್ದ ಕಾಲದಲ್ಲಿ, 1909ರಲ್ಲಿ, ಓಖಿಲ್ ಚಂದ್ರ ಸೇನ್ ಎಂಬ ಬಂಗಾಳದ ಪ್ರಯಾಣಿಕನೊಬ್ಬ, ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು ಅಹಮದ್‌ಪುರ ನಿಲ್ದಾಣದಲ್ಲಿಳಿದು ಶೌಚಕ್ಕೆ ಕುಳಿತಿದ್ದಾಗ ಗಾರ್ಡು ಸೀಟಿ ಊದಿ ಗಾಡಿ ಬಿಟ್ಟನೆಂದೂ, ಒಂದು ಕೈಯಲ್ಲಿ ಚೊಂಬು ಇನ್ನೊಂದರಲ್ಲಿ ಧೋತರ ಹಿಡಿದು ಓಡಿ ಎಲ್ಲರೆದುರು ಬಿದ್ದೆನೆಂದೂ ರೈಲ್ವೆ ಕಚೇರಿಗೆ ಬರೆದ ಪತ್ರ ದೆಹಲಿಯ ರೈಲು ವಸ್ತುಸಂಗ್ರಹಾಲಯದ ಮೂಲಕ ಪ್ರಸಿದ್ಧವಾಗಿದೆ. ಅದರ ಒಡಕು ಇಂಗ್ಲಿಷನ್ನು ಓದಿ ನಗುವವರೇ ಬಹಳ. ನನಗೆ ಮಾತ್ರ ಅದು, ಅಪಮಾನವನ್ನು ನುಂಗಿಕೊಳ್ಳದೆ ಬಾಯಿಬಿಟ್ಟು ಹೇಳಿದ ಧೀರನೊಬ್ಬನ ದೂರಾಗಿ ಕಾಣುತ್ತದೆ.

ಉಳಿದ ಸಿದ್ಧತೆಗಳನ್ನು ಸಂಗ್ರಹವಾಗಿ ಹೇಳಬಹುದು. ಹೊರಡುವ ಎರಡು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಔಷಧವನ್ನು ಬೇಕಾದುದಕ್ಕಿಂತ ನಾಲ್ಕು ದಿನಕ್ಕೆ ಹೆಚ್ಚಾಗಿಯೇ, ಚೀಟಿಯೊಡನೆ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಸ್ಟಿರಾಯ್ಡ್ ಸೇವಿಸುತ್ತಿರುವವರು ಅದನ್ನು ಥಟ್ಟನೆ ನಿಲ್ಲಿಸಕೂಡದು. ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳನ್ನು ಕೇಳಿ ನುಂಗಿದರೆ ಉರಿಯೂತ ಕೆರಳಬಹುದು. ಕಾಯಿಸಿ ಆರಿಸಿದ ನೀರು, ಓಆರ್‌ಎಸ್ ಪೊಟ್ಟಣ, ಒಂದು ಜೊತೆ ಬಟ್ಟೆ, ಇವು ಸಂಗಡವಿರಲಿ.

ಇವೆಲ್ಲಕ್ಕಿಂತ ಕಠಿನವಾದುದು ಮನೆಯವರಿಗೆ ಹೇಳುವುದು. ಅನ್ನ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಕರುಳು ಚಲಿಸತೊಡಗುವುದು ಎಲ್ಲರ ದೇಹದಲ್ಲಿಯೂ ನಡೆಯುವ ಸಹಜ ವ್ಯಾಪಾರ; ಉರಿಯೂತದವರಲ್ಲಿ ಅದು ತಡೆಯಲಾರದ ಒತ್ತಡವಾಗುತ್ತದೆ. ನಮ್ಮ ಸಮಾರಂಭಗಳಲ್ಲಾದರೋ, ಪಂಕ್ತಿಗೆ ಕುಳಿತವನು ಎಲ್ಲರ ಊಟ ಮುಗಿಯುವ ಮುನ್ನ ಏಳಬಾರದೆಂಬುದು ಬಹುಕಾಲದ ಮರ್ಯಾದೆ. ನಾನು ಬಸ್ಸಿಗಿಂತಲೂ ಹೆಚ್ಚಾಗಿ ಹೆದರಿದ್ದು ಆ ಪಂಕ್ತಿಗೆ. ಹೊರಡುವ ವಾರ ಅಕ್ಕನಿಗೆ ಫೋನು ಮಾಡಿ, ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಇದನ್ನ ಮುಚ್ಚಿಟ್ಟುಕೊಂಡು ಒಬ್ಬನೇ ಕೂತಿದ್ಯಾ ತಮ್ಮಾ?" ಎಂದಳು.

ಊರು ಸೇರಿದ ರಾತ್ರಿ ನೋಡುತ್ತೇನೆ, ಹಿತ್ತಿಲ ಬಾಗಿಲಿನಿಂದ ಬಚ್ಚಲುಮನೆಯಾಚೆಯ ಪಾಯಿಖಾನೆಯವರೆಗೆ ಹೊಸದಾಗಿ ತಂತಿಯೆಳೆದು ದೀಪ ಹಾಕಿಸಿದ್ದಾಳೆ; ಅದು ಬೆಳಗಿನವರೆಗೂ ಆರಲಿಲ್ಲ. ಉಪನಯನದ ದಿನ ಹಿತ್ತಿಲ ಬಾಗಿಲಿಗೆ ಹೊಂದಿಕೊಂಡಂತಿದ್ದ ಪಂಕ್ತಿಯ ಕೊನೆಯ ಎಲೆ ನನ್ನದಾಯಿತು. ಸಾರನ್ನ ಮುಗಿಯುವಷ್ಟರಲ್ಲಿ ಏಳಲೇಬೇಕಾಗಿ ಬಂತು. ಎದ್ದೆ. ಪಂಕ್ತಿಯ ತಲೆಯಲ್ಲಿದ್ದ ದೊಡ್ಡಪ್ಪ ನನ್ನ ಕಡೆಗೆ ನೋಡದೆ, ಬಡಿಸುವವನನ್ನು ಗಟ್ಟಿಯಾಗಿ ಕರೆದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಎಲ್ಲರ ಕಣ್ಣೂ ಅತ್ತ ಹೊರಳಿದವು. ಎದ್ದವನು ಮತ್ತೆ ಅದೇ ಎಲೆಗೆ ಕೂರುವಂತಿಲ್ಲವಾದುದರಿಂದ, ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅಕ್ಕ ಒಳಕೋಣೆಯಲ್ಲಿ ಬೇರೊಂದು ಎಲೆ ಹಾಕಿದ್ದಳು. ಅಮ್ಮ ಎದುರಿಗೆ ಕುಳಿತು ಮೆತ್ತನೆಯ ಅನ್ನಕ್ಕೆ ತಂಬುಳಿ ಬಡಿಸಿ, "ಅವಸರ ಏನಿಲ್ಲ, ನಿಧಾನ ಉಣ್ಣು" ಎಂದಳು.